ಮಾವನವರ ವಿಮಾನ ಮುಗಿಯುತ್ತಿಲ್ಲ

ರಾಯಚೂರು
೨೨ ಏಪ್ರಿಲ್ ೨೦೨೪

ಪ್ರೀತಿಯ ಸಿದ್ರಾಮ ಅವರಿಗೆ, ಅಂದರೆ ನನ್ನ ಯಜಮಾನರಿಗೆ,

ಮಲ್ಲೇಶ್ವರಿಯ ನಮಸ್ಕಾರ. ಆರೋಗ್ಯವಾಗಿದ್ದೀರಾ? ಆ ಬಂದರಿನ ಉಪ್ಪುಗಾಳಿಗೆ ಮತ್ತೆ ಕೆಮ್ಮು ಶುರುವಾಗಿಲ್ಲ ತಾನೆ? ನಾವು ಇಲ್ಲಿ ಬೇಯುತ್ತಿದ್ದೇವೆ. ಈ ಸುದ್ದಿ ಫೋನಿನಲ್ಲಿ ಎತ್ತಿದರೆ ಆ ಕಡೆ ನೀವು ನಗುತ್ತೀರಿ, ಈ ಕಡೆ ನಿಮ್ಮ ಅಪ್ಪ ಕಿವಿಗೊಟ್ಟು ಕೂತಿರುತ್ತಾರೆ. ಅದಕ್ಕೇ ಕಾಗದ.

ನೀವು ಕೊರಿಯರಿನಲ್ಲಿ ಕಳಿಸಿದ, ಬಿಡಿಭಾಗ ಜೋಡಿಸಿ ಕಟ್ಟುವ ಯುದ್ಧವಿಮಾನದ ಕಿಟ್ ನಮ್ಮ ತಲೆ ತಿಂದಿದೆ. ಎಪ್ಪತ್ತೊಂದರ ಯುದ್ಧದಲ್ಲಿ ವಾಯುಸೇನೆಯ ಫಿಟ್ಟರ್ ಆಗಿದ್ದ ಅಪ್ಪ, ಆಗ ದುರಸ್ತಿ ಮಾಡುತ್ತಿದ್ದ ನ್ಯಾಟ್ ವಿಮಾನವನ್ನೇ ಪುಟ್ಟದಾಗಿ ಕಟ್ಟಲಿ, ಹೊತ್ತು ಹೋಗುತ್ತದೆ ಅಂದಿರಿ. ಅವರ ಹೊತ್ತು ಹೋಗುತ್ತಿದೆ, ನಮ್ಮ ಜೀವ ಹೋಗುತ್ತಿದೆ. ಊಟದ ಮೇಜು ಈಗ ಅವರದು, ನಾವು ನೆಲದ ಮೇಲೆ ಉಣ್ಣುತ್ತೇವೆ. ಹುಬ್ಬು ತೆಗೆಯುವ ನನ್ನ ಚಿಮಟವೂ ಅವರ ಬಳಿಯೇ ಇದೆ. ಬಣ್ಣ ಒಣಗುವವರೆಗೆ ಧೂಳು ಕೂರಬಾರದಂತೆ, ಆದ್ದರಿಂದ ಪಡಸಾಲೆಯ ಫ್ಯಾನ್ ಬಂದ್. ಏಪ್ರಿಲ್ ತಿಂಗಳಲ್ಲಿ, ಅದೂ ರಾಯಚೂರಿನಲ್ಲಿ. ಪಕ್ಕದ ಮನೆಯ ವಾಹಿದಾ ಬಾಗಿಲಲ್ಲೇ ನಿಂತು, "ಯಾಕ್ರೀ ಅಕ್ಕಾ, ನಿಮ್ಮನ್ಯಾಗಷ್ಟ ಕರೆಂಟ್ ಹೋಗೇದೇನು?" ಅಂತ ಕೇಳಿದಳು.

ಇದನ್ನೆಲ್ಲ ಸಹಿಸಿದ್ದೆ. ಸಹಿಸಲಾಗದ್ದು ಕಣ್ಣಿನ ಮಾತು. ಅವರ ಬಲಗಣ್ಣಿನ ಪೊರೆ ಬಲಿತಿದೆ, ಇನ್ನೂ ತಡ ಮಾಡಿದರೆ ಕಣ್ಣಿಗೇ ಅಪಾಯ ಅಂತ ಡಾಕ್ಟರು ಹೇಳಿ ಬಹಳ ದಿನವಾಯಿತು. ಇವರದು ಒಂದೇ ಮಾತು: "ವಿಮಾನ ಮುಗೀಲಿ, ಆಪರೇಶನ್ನಿಗೆ ಬರ್ತೀನಿ." ಮೊದಲು ರೆಕ್ಕೆ ಉಳಿದಿದೆ ಅಂದರು, ಆಮೇಲೆ ಚಕ್ರ. ಕಣ್ಣು ಕಾಣದೆ ಬಾಲದ ಅಂಕಿಯನ್ನು ತಲೆಕೆಳಗಾಗಿ ಅಂಟಿಸಿ, ಅದನ್ನು ಕೆರೆದು ತೆಗೆಯುವುದರಲ್ಲೇ ಒಂದು ವಾರ ಕಳೆದರು. ಕಡೆಗೂ ಹೋದ ವಾರ ಹಸಿರು ಬಣ್ಣದ ಕೊನೆಯ ಕೋಟ್ ಬಿತ್ತು. ಅಂದೇ ನಾನು ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿಸಿದೆ. ಆಪರೇಶನ್ನಿಗೆ ಜೊತೆಗಿರಲು ನಿಮ್ಮ ತಂಗಿ ಉಮಾದೇವಿ ಮನೆಗೆಲಸ ಬಿಟ್ಟು ಸಂಜೆಗೇ ಮಾನ್ವಿಯಿಂದ ಬಂದಿಳಿದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನಿಮ್ಮ ಅವ್ವ ವಿಮಾನಕ್ಕೆ ಪೂಜೆ ಮುಗಿಸಿದ್ದಾರೆ. ಟ್ರ್ಯಾಕ್ಟರ್ ಬರಲಿ, ಮಿಕ್ಸಿ ಬರಲಿ, ಬೀರಪ್ಪನ ಭಂಡಾರ ಹಚ್ಚದೆ ಬಿಟ್ಟವರಲ್ಲ. ಇದರ ಎರಡು ರೆಕ್ಕೆಗೂ ಮೂತಿಗೂ ಧಾರಾಳವಾಗಿ ಅರಿಶಿನದ ಪುಡಿ. ಬಣ್ಣ ಇನ್ನೂ ಹಸಿ. ಪುಡಿಯೆಲ್ಲ ಅಲ್ಲೇ ಕಚ್ಚಿಕೊಂಡು ವಿಮಾನ ಹಿಟ್ಟಿನಲ್ಲಿ ಅದ್ದಿದ ಮಿರ್ಚಿಯಂತಾಗಿತ್ತು. "ದೇವ್ರ ಭಂಡಾರದಿಂದ ಕೆಡುಕು ಹೆಂಗಾಗ್ತದ?" ಅಂತ ಅತ್ತೆ ನನ್ನನ್ನೇ ಗದರಿದರು. ಮಾವನವರು ಮಾತ್ರ ಶಾಂತಮೂರ್ತಿ. "ಇರ್ಲಿ ಬಿಡು ಯವ್ವಾ, ಎಲ್ಲಾ ಕೆರೆದು ಮತ್ತ ಬಣ್ಣ ಹಚ್ತೀನಿ" ಅಂದು ಸ್ಯಾಂಡ್‌ಪೇಪರ್ ಹಿಡಿದು ಕೂತರು. ಆಪರೇಶನ್ ಮುಂದಕ್ಕೆ ಹೋಯಿತು. ಉಮಾದೇವಿ ಮುಖ ಊದಿಸಿಕೊಂಡು ಮಾನ್ವಿ ಬಸ್ಸು ಹತ್ತಿದಳು. ಅಳಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ, ಸಿಟ್ಟಂತೂ ಚೆನ್ನಾಗಿ ಬಂತು. ಒಂದು ಧೂಳಿನ ಕಣ ಕಂಡರೆ ಹಾರಾಡುವವರು ಅಷ್ಟೊಂದು ಪುಡಿ ಕಂಡೂ ಹೇಗೆ ಸುಮ್ಮನಿದ್ದರೋ.

ಹೊತ್ತಿಗೆ ಸರಿಯಾಗಿ ಉಣ್ಣಿ. ಇನ್ನು ಮುಂದೆ ಈ ಮನೆಗೆ ಹಡಗು, ರೈಲು ಏನನ್ನೂ ಕಳಿಸಬೇಡಿ. ಅಪ್ಪ ಅವ್ವನ ಆಶೀರ್ವಾದ ಈ ಕಾಗದದ ಜೊತೆಗಿದೆ. ಸಿಟ್ಟು ನನ್ನೊಬ್ಬಳದೇ.

ನಿಮ್ಮ
ಮಲ್ಲೇಶ್ವರಿ

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಬಣ್ಣ ಹಸಿ ಇದ್ದದ್ದು ಅವರಿಗೆ ಗೊತ್ತಿರಲಿಲ್ಲವಂತೆ. ಆದರೆ ಅಂದು ನಸುಕಿನಲ್ಲೇ ಅವರನ್ನು ಎಬ್ಬಿಸಿ, ಭಂಡಾರದ ಡಬ್ಬಿ ಕೈಗೆ ಕೊಟ್ಟು, "ಹೊಸಾ ಗಾಡಿ ಅದ, ಪೂಜಿ ಮಾಡಂಗಿಲ್ಲೇನು? ಚಲೋತಂಗ ಹಚ್ಚು" ಅಂದವರು ಮಾವನವರೇ. ಬಣ್ಣ ಹಸಿ ಅಂತ ಮಾವನವರಿಗೆ ಚೆನ್ನಾಗಿ ಗೊತ್ತಿತ್ತು. ಬಾಂಬ್ ಬೀಳುವಾಗ ವಿಮಾನದ ಕೆಳಗೆ ಮಲಗಿ ಬೋಲ್ಟು ಬಿಗಿದ ಮನುಷ್ಯನಿಗೆ ಕಣ್ಣಿಗೆ ಚುಚ್ಚುವ ಸೂಜಿಯ ಭಯ. ಸೊಸೆಗೆ ಹೇಳಲು ನಾಚಿಕೆ. ಅತ್ತೆಯ ಹತ್ತಿರ ಹೇಳಿದ್ದಾರೆ: "ಸಿದ್ರಾಮ ಬಂದು ಕೈ ಹಿಡ್ಕೊಂಡು ಕುಂತ್ರ ನಾಳೇನ ಹೋಗ್ತೀನಿ." ರಜೆ ಹಾಕಿ ಬನ್ನಿ. ನೀವು ಬರುವವರೆಗೆ ಆ ವಿಮಾನ ಮುಗಿಯುವುದಿಲ್ಲ.