ಮೈಮೇಲೆ ಬಂದದ್ದು ದೇವರಲ್ಲ

ಪುಣೆ, ಸೋಮವಾರ

ಅತ್ತೆಯವರಿಗೆ ಅನುಜಾಳ ನಮಸ್ಕಾರ.

ನಿಮ್ಮ ಮಗನ ಕೈಕಾಲು ಸುಮ್ಮನಿರುತ್ತಿಲ್ಲವೆಂದು ಇಲ್ಲಿಯ ದೊಡ್ಡ ಡಾಕ್ಟರರಿಗೆ ತೋರಿಸಿದೆವು. ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಅವರು ಕೇಳಿದರು. ನಾನು ಇಲ್ಲವೆನ್ನುವಷ್ಟರಲ್ಲಿ ಇವರೇ ತಲೆ ತಗ್ಗಿಸಿ, ಅಪ್ಪನಿಗೆ ಹಂಟಿಂಗ್ಟನ್ ರೋಗವಿತ್ತು ಎಂದರು. ರಿಕ್ಷಾದಲ್ಲಿ ನನಗೆ ಹೇಳಿದ್ದು ಇಷ್ಟೇ: "ಅವ್ವಗೂ ಗೊತ್ತದ. ನಮ್ಮ ಲಗ್ನಕ್ಕಿಂತ ಮೊದಲ ಡಾಕ್ಟರ್ ಹೇಳಿದ್ರು."

ಮದುವೆಯ ಹೊಸತರಲ್ಲಿ ಜೇಜುರಿಯ ಖಂಡೋಬನ ಗುಡಿಯ ಮೆಟ್ಟಿಲ ಮೇಲೆ ಮಾವನವರು ತೂರಾಡಿ ಕುಣಿದಾಗ ನೀವು ಏನೆಂದಿರಿ? "ಖಂಡೋಬಾ ಮೈಮ್ಯಾಲೆ ಬಂದಾನ, ಕಾಲ ಮುಟ್ಟವಾ." ಮುಟ್ಟಿದೆ. ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಈ ಮನೆತನ ಹೀಗೇ ಬೆಳೆಯಲಿ ಎಂದು ಬೇಡಿಕೊಂಡೆ.

ಕೈಕಾಲನ್ನು ತಾನಾಗಿ ಕುಣಿಸುವ ಈ ರೋಗ ಹೆತ್ತವರಿಂದ ಮಕ್ಕಳಿಗೆ ಇಳಿಯಬಹುದೆಂದು ಬರೆದಿಟ್ಟ ಡಾಕ್ಟರನ ಹೆಸರಂತೆ ಹಂಟಿಂಗ್ಟನ್. ಕಂಡದ್ದನ್ನು ಹೇಳಿದ್ದಕ್ಕೆ ಅವನ ಹೆಸರು ಉಳಿಯಿತು. ನೀವೂ ಕಂಡಿದ್ದಿರಿ.

ಇವರನ್ನು ಬಿಟ್ಟು ಹೋಗುತ್ತೇನೆಂದು ಹೆದರಬೇಡಿ. ಚಹಾ ಚೆಲ್ಲದಂತೆ ಅರ್ಧ ಲೋಟ ಹಾಕಿ ಕೊಡುತ್ತಿದ್ದೇನೆ. ನಾನು ಕೇಳುವುದು ಒಂದೇ. ಭಾನುವಾರ ನಿಮ್ಮ ಮಗಳು ರೇಣುವನ್ನು ನೋಡಲು ಬರುವ ಗಂಡಿನ ಕಡೆಯವರಿಗೆ ಈ ರೋಗದ ಹೆಸರು ಹೇಳಿ. ಅದಕ್ಕೂ ಮೊದಲು ರೇಣುವಿಗೆ ಹೇಳಿ. ನಿಮಗೆ ಬಾಯಿ ಬರದಿದ್ದರೆ ಫೋನ್ ಮಾಡಿ, ನಾನು ಹೇಳುತ್ತೇನೆ.

ನಿನ್ನೆ ನಿಮ್ಮ ಮೊಮ್ಮಗಳು ಟೀವಿಯ ಹಾಡಿಗೆ ಕುಣಿದಳು. ಚಪ್ಪಾಳೆ ತಟ್ಟಲು ನನ್ನಿಂದಾಗಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತ ಕುಳಿತೆ.

ನಿಮ್ಮ ಸೊಸೆ,
ಅನುಜಾ