ನಿನ್ನ ಡಿಸ್ಕ್ ತೆರೆಯಿತು

ಕ್ರಾಂತಿ,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಅವ್ವ ಬಾಯಿಬಿಟ್ಟು ಕೇಳಿದ್ದು ಒಂದೇ, ನಿನ್ನ ಹಾಡು. ನೀನು ಹಾಡಿ ರೆಕಾರ್ಡ್ ಮಾಡಿ ಇಟ್ಟಿದ್ದೆಲ್ಲ ನಿನ್ನ ಹಾರ್ಡ್‌ಡಿಸ್ಕಿನಲ್ಲಿತ್ತು. ಇವತ್ತು ಕೂಡ್ಲಿಗಿಯಿಂದ ಆಫೀಸಿನ ಲ್ಯಾಪ್‌ಟಾಪ್ ತಂದು ಡಿಸ್ಕನ್ನು ಅದಕ್ಕೆ ಹಚ್ಚಿದೆ. ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ವಿಂಡೋಸ್ ಕೇಳಿತು. ವೈರಸ್ ಹತ್ತಿದ ಪೆನ್‌ಡ್ರೈವ್‌ಗಳನ್ನು ಪೂರ್ತಿ ಅಳಿಸಲು ಆಫೀಸಿನಲ್ಲಿ ದಿನಾ ಮಾಡುವ ಹಾಗೆ, ಕೇಳಿದ್ದಕ್ಕೆಲ್ಲ ‘ಹೌದು’ ಒತ್ತಿಬಿಟ್ಟೆ.

“ಅಕ್ಕ, ಇದು ಲಿನಕ್ಸಿಂದು, ನಿನ್ನ ವಿಂಡೋಸಿಗೆ ತಿಳಿಯಂಗಿಲ್ಲ. ಹತ್ತು ನಿಮಿಷ ಕುಂದ್ರು, ತೆಗಿಯೋದು ತೋರಸ್ತೀನಿ” ಎಂದು ಹಿಂದೊಮ್ಮೆ ಕರೆದಿದ್ದೆ ನೀನು. ನನಗೆ ಏನೋ ಕೆಲಸವಿತ್ತು. ಯಾವ ಕೆಲಸವೆಂದು ಈಗ ನೆನಪಿಲ್ಲ.

ಡಿಸ್ಕ್ ತೆರೆಯಿತು. ಒಳಗೆ ಏನೂ ಇರಲಿಲ್ಲ. ಬೆಳ್ಳಗಾದ ಪರದೆ ನೋಡಿ ಅವ್ವ ಸೆರಗು ಸರಿಮಾಡಿಕೊಂಡು ನನ್ನ ಹತ್ತಿರ ಸರಿದು ಕೂತಳು.

“ಬಂತಲ್ಲವಾ! ಹಚ್ಚು ಮತ್ತ, ಕೇಳೋಣು.”