ಬಾನೆಟ್ಟಿನೊಳಗಿನ ಬೀನ್ಸ್ ಜಾಡಿ

ಸ್ಟಿಲ್‌ಹೌಸ್ ಫೋರ್ಕ್, ಕೆಂಟಕಿ
ಸೋಮವಾರ, 18 ಆಗಸ್ಟ್ 2008

ನನ್ನ ಮುದ್ದು ಡಾರ್ಲಾ,

ಊಟ ಸೇರಿತೇ? ಕಾಲಿನ ಬಾವು ಇಳಿಯಿತೇ? ಎಡ ಮಗ್ಗುಲಿಗೇ ಮಲಗು. ನಿನ್ನೆ ಆಸ್ಪತ್ರೆಯಲ್ಲಿ ನೀನು, "ಅಮ್ಮಾ, ಹೆರಿಗೆ ಆಗೋವರೆಗೂ ಬರ್ಬೇಡ. ಕಾರಲ್ಲಿ ಆ ಬಾಂಬ್ ಇಟ್ಕೊಂಡು ನೂರು ಮೈಲಿ ಓಡಿಸ್ಕೊಂಡು ಬರ್ತೀಯಲ್ಲ, ನಂಗೆ ಎದೆ ನಡುಗುತ್ತೆ" ಅಂದೆಯಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆ ನರ್ಸಮ್ಮನ ಎದುರು ಏನು ವಾದಿಸಲಿ? ಅದಕ್ಕೆ ಬರೆಯುತ್ತಿದ್ದೇನೆ. ನಾನು ಬರುತ್ತೇನೆ. ಪ್ರತಿ ಭಾನುವಾರವೂ ಬರುತ್ತೇನೆ.

ಅದು ಬಾಂಬಲ್ಲ. ಚಿಕ್ಕಂದಿನಲ್ಲಿ ನೀನೇ ಬೆರಳದ್ದಿ ಬೀನ್ಸ್ ಉಪ್ಪಿನಕಾಯಿ ತಿನ್ನುತ್ತಿದ್ದ ಗಾಜಿನ ಜಾಡಿ. ಒಳಗೆ ನೀರು, ಒಂದು ಚಮಚ ಅಡಿಗೆ ಸೋಡಾ, ನಿನ್ನ ಕೋಣೆಯ ಸ್ವಿಚ್ಚಿನಿಂದ ಬಿಚ್ಚಿದ ಎರಡು ಸ್ಟೀಲು ಫಲಕ. ಬ್ಯಾಟರಿಯ ತಂತಿ ಕೊಟ್ಟರೆ ಕುದಿಯದೆಯೇ ಗುಳ್ಳೆ ಏಳುತ್ತದೆ. ಆ ಹೈಡ್ರೋಜನ್ ಗಾಳಿ ಕೊಳವೆಯಲ್ಲಿ ಎಂಜಿನ್ನಿಗೆ ಹೋದರೆ ಪೆಟ್ರೋಲು ಉಳಿಯುತ್ತದಂತೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ಒಂದೊಂದು ಸಾಲನ್ನೂ ಮೂರು ಮೂರು ಸಲ ಓದಿ ಕಟ್ಟಿದೆ. ಗ್ಯಾಲನ್ನಿಗೆ ನಾಲ್ಕು ಡಾಲರ್ ಆದಮೇಲೆ ವಾರಕ್ಕೆ ಒಂದೇ ಟ್ಯಾಂಕು. ಅದರಲ್ಲಿ ಶಾಲೆಯ ಅಡುಗೆ ಕೆಲಸಕ್ಕೆ ಹೋಗಿ ಬಂದರೆ ನಿನ್ನ ಹಾಸಿಗೆಯ ತನಕ ಬರಲು ಸಾಲುತ್ತಿರಲಿಲ್ಲ. ಮತ್ತೇನು ಮಾಡಬೇಕಿತ್ತು?

ನಿನ್ನ ಸೋದರಮಾವ ವರ್ಲಿನ್ ತನ್ನ ಗ್ಯಾರೇಜಿನಲ್ಲಿ ಎಲ್ಲರೆದುರು ನಕ್ಕ. "ಅಕ್ಕಾ, ಅದ್ರ ಜೊತೆ ಒಂದು ಜೋಳದ ರೊಟ್ಟಿನೂ ತುರುಕು, ಪಾಪ, ಕಾರಿಗೆ ಹಸಿವಾಗುತ್ತೆ" ಅಂದ. "ನಗೋ ನಗು. ಗ್ಯಾಲನ್ನಿಗೆ ಮೂವತ್ತು ಮೈಲಿ ಬರ್ದಿದ್ರೆ ಕೀಲಿ ನಿನ್ ಕೈಗೆ ಕೊಟ್ಟು ಮನೇಲಿ ಕೂತ್ಕೋತೀನಿ" ಅಂದುಬಿಟ್ಟೆ. ಅಂದಮೇಲೆ, ಸೋತರೆ ನಿನ್ನನ್ನು ನೋಡುವುದು ಹೇಗೆಂಬ ಚಿಂತೆ ಹಿಡಿಯಿತು.

ಕಾರು ಹತ್ತಿದರೆ ಇನ್ನೊಂದು ಚಿಂತೆ. ಜಾಡಿ ಸಿಡಿದರೆ? ಕೊಳವೆಗೆ ಕಿಡಿ ತಾಗಿದರೆ? ಇಡೀ ವಾರ ನಲವತ್ತೈದು ಮೈಲಿ ವೇಗ ದಾಟಲಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದೆ. ಬ್ರೇಕ್ ಒತ್ತಿದರೆ ಜಾಡಿ ಕುಲುಕೀತೆಂದು ಫರ್ಲಾಂಗು ಮೊದಲೇ ನಿಧಾನಿಸಿದೆ. ಹಿಂದಿನ ಲಾರಿಗಳು ಹಾರನ್ ಬಡಿದವು. ಬಡಿದುಕೊಳ್ಳಲಿ.

ಈ ಬೆಳಿಗ್ಗೆ ವರ್ಲಿನ್ ತಾನೇ ಪೆಟ್ರೋಲು ತುಂಬಿಸಿ ನೋಡಿದ. ಮೊದಲು ಗ್ಯಾಲನ್ನಿಗೆ ಇಪ್ಪತ್ತನಾಲ್ಕು ಮೈಲಿ ಬರುತ್ತಿದ್ದದ್ದು ಮೂವತ್ತೊಂದು! ಎರಡು ಸಲ ಭಾಗಿಸಿದ. ತಲೆ ಕೆರೆದುಕೊಂಡು, "ಹೋಗು ಮಾರಾಯ್ತಿ, ಹೋಗಿ ಮಗಳನ್ನ ನೋಡು" ಅಂದ. ಗ್ಯಾರೇಜಿನಲ್ಲಿ ಒಬ್ಬನೂ ನಗಲಿಲ್ಲ.

ಭಾನುವಾರ ಎರಡು ಗಂಟೆಗೆ ಕಿಟಕಿಯತ್ತ ನೋಡುತ್ತಿರು. ಬೇಡ ಅನ್ನಬೇಡ, ಅಂದರೂ ಕೇಳುವವಳಲ್ಲ.

ನಿನ್ನನ್ನೇ ಧ್ಯಾನಿಸುತ್ತಿರುವ
ಅಮ್ಮ, ಲಿಯೋಟಾ

ತಾ.ಕ.: ನಿನ್ನ ಎದೆ ನಡುಗಬಾರದೆಂದು ಇದನ್ನು ಹೇಳುತ್ತಿದ್ದೇನೆ, ವರ್ಲಿನ್ ಹತ್ತಿರ ಉಸಿರೆತ್ತಬೇಡ. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದೆ. ಮೊದಲ ದಿನ ಉಗುರುಬಣ್ಣದಲ್ಲಿ ಎಳೆದಿದ್ದ ಗೀಟಿಗಿಂತ ನೀರು ಕೂದಲೆಳೆಯಷ್ಟೂ ಇಳಿದಿಲ್ಲ. ತಂತಿ ಬ್ಯಾಟರಿಗೆ ಕಚ್ಚಿಕೊಂಡಿರಲೇ ಇಲ್ಲ. ಪೆಟ್ರೋಲು ಉಳಿಸಿದ್ದು ನನ್ನ ಹೆದರಿಕೆ ಕಣೇ, ನೀವೆಲ್ಲ ಇಷ್ಟು ವರ್ಷ ಬೈದ ಅದೇ ಹೆದರಿಕೆ! ಇನ್ನು ತಂತಿ ಜೋಡಿಸುವುದಿಲ್ಲ. ಜಾಡಿ ಮಾತ್ರ ಅಲ್ಲೇ ಇರುತ್ತದೆ. ಅದಿಲ್ಲದಿದ್ದರೆ ನಿನ್ನನ್ನು ನೋಡುವ ಆತುರಕ್ಕೆ ಆಕ್ಸಿಲರೇಟರ್ ಒತ್ತಿಬಿಡುತ್ತೇನೆ.